ಶೀತವಲಯದ ವನ್ಯಜೀವಿಗಳ ಕರುಳಿನ ಸೂಕ್ಷ್ಮಜೀವಿಗಳು

ಭೂಮಿಯ ಉತ್ತರದ ಶೀತವಲಯದಲ್ಲಿ ಮರವಿಲ್ಲದ ಟಂಡ್ರಾ ಬಯಲುಗಳಿವೆ, ಅವುಗಳಿಗೆ ಹೊಂದಿಕೊಂಡ ಸೂಚಿಪರ್ಣಿ ಕಾಡುಗಳಿವೆ, ವರ್ಷದ ಅರ್ಧಭಾಗ ಹಿಮ ಹೊದ್ದಿರುವ ಹುಲ್ಲುಗಾವಲುಗಳಿವೆ. ಅಲ್ಲಿ ಬದುಕುವ ಕಾಡುಪ್ರಾಣಿಗಳ ಜೀರ್ಣಾಂಗಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ, ಆರ್ಕಿಯಾ, ಶಿಲೀಂಧ್ರ ಮತ್ತು ಏಕಕೋಶಜೀವಿಗಳ ಸಮುದಾಯವೇ ಈ ಲೇಖನದ ವಿಷಯ. ‘ಶೀತವಲಯದ ಸೂಕ್ಷ್ಮಜೀವಿ’ ಎಂದ ಕೂಡಲೇ ಮಂಜುಗಡ್ಡೆಯಲ್ಲಿ ಬದುಕುವ ಜೀವಿಯೊಂದು ಕಣ್ಣಮುಂದೆ ಬರುತ್ತದೆ. ಕರುಳಿನ ಮಟ್ಟಿಗೆ ಅದು ಬಹುಪಾಲು ತಪ್ಪು ಚಿತ್ರ. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಕೊರೆಯುತ್ತಿದ್ದರೂ ಹಿಮಸಾರಂಗದ ಮೊದಲ ಹೊಟ್ಟೆಯೊಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖ ಇದ್ದೇ ಇರುತ್ತದೆ. ನಮ್ಮ ಹಟ್ಟಿಯ ಎಮ್ಮೆಯ ಹೊಟ್ಟೆಯಲ್ಲಿರುವಷ್ಟೇ ಬೆಚ್ಚಗೆ. ಚಳಿ ಆ ಬ್ಯಾಕ್ಟೀರಿಯಾಗಳನ್ನು ನೇರವಾಗಿ ಮುಟ್ಟುವುದಿಲ್ಲ. ಮುಟ್ಟುವುದು ಬರಗಾಲ: ಹಸಿರು ಮುಚ್ಚಿಹೋಗುತ್ತದೆ, ಸಿಕ್ಕಿದ್ದರಲ್ಲಿ ಪ್ರೋಟೀನ್ ಇರುವುದಿಲ್ಲ, ಕೆಲವು ಪ್ರಾಣಿಗಳಿಗಂತೂ ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ಹಾಗಾಗಿ ಈ ಸೂಕ್ಷ್ಮಜೀವಿಗಳಿಂದ ಪ್ರಾಣಿಗೆ ಆಗುವ ಉಪಕಾರವನ್ನು ಚಳಿಯ ವಿರುದ್ಧದ ಕಾವಿನಲ್ಲಿ ಹುಡುಕುವುದಕ್ಕಿಂತ ಮಿತವ್ಯಯದಲ್ಲಿ ಹುಡುಕುವುದು ಸರಿ. ಬೇರೆಯವರಿಗೆ ಆಹಾರವಲ್ಲದ್ದನ್ನು ಆಹಾರ ಮಾಡುವುದು ಮತ್ತು ಒಮ್ಮೆ ಬಳಸಿದ್ದನ್ನು ಹೊರಗೆ ಹೋಗಲು ಬಿಡದೆ ಮತ್ತೆ ಬಳಸುವುದು, ಇವೆರಡೇ ಇಲ್ಲಿಯ ದೊಡ್ಡ ಕೆಲಸಗಳು.

ಈ ಮಾತಿಗೆ ಪುರಾವೆ ಒದಗಿಸುವುದು ಸುಲಭವಲ್ಲ. ಡಿಎನ್ಎ ಓದುವ ಯಂತ್ರಗಳು ಅಗ್ಗವಾದ ಮೇಲೆ ಹಿಕ್ಕೆಯ ಚಿಟಿಕೆಯೊಂದರಿಂದ ಅದರಲ್ಲಿರುವ ಬ್ಯಾಕ್ಟೀರಿಯಾಗಳ ಪಟ್ಟಿ ತೆಗೆಯುವುದು ನಿತ್ಯದ ಕೆಲಸವಾಯಿತು. ಕರಡಿ, ತೋಳ, ಅಳಿಲು, ಹೆಬ್ಬಾತು ಎಲ್ಲದರ ಪಟ್ಟಿಗಳೂ ಬಂದವು. ಆದರೆ ಊರಿನ ಜನಗಣತಿಯ ಪುಸ್ತಕ ನೋಡಿ ಆ ಊರಿನಲ್ಲಿ ಯಾರು ಉಳುತ್ತಾರೆ, ಯಾರು ಜಗಲಿಯ ಮೇಲೆ ಕೂತು ಹರಟುತ್ತಾರೆ ಎಂದು ಹೇಳಲಾಗದು. ಬೇಸಿಗೆಯ ಪಟ್ಟಿಗೂ ಚಳಿಗಾಲದ ಪಟ್ಟಿಗೂ ವ್ಯತ್ಯಾಸ ಕಂಡ ಮಾತ್ರಕ್ಕೆ ಆ ವ್ಯತ್ಯಾಸ ಪ್ರಾಣಿಯ ಒಳಿತಿಗಾಗಿಯೇ ಆದದ್ದು ಎಂದು ತೀರ್ಮಾನಿಸುವ ಪ್ರಬಂಧಗಳು ಕಡಿಮೆಯೇನಿಲ್ಲ. ಅಂಥವನ್ನು ಬದಿಗಿಟ್ಟು, ಕೆಲಸ ನಡೆದದ್ದನ್ನು ಅಳೆದು ತೋರಿಸಿದ ಕೆಲವೇ ಸಂದರ್ಭಗಳನ್ನು ನೋಡಬೇಕು.

ಹಿಮಸಾರಂಗ ಅವುಗಳಲ್ಲಿ ಮೊದಲನೆಯದು. ಉತ್ತರ ಅಮೆರಿಕದಲ್ಲಿ ಇದನ್ನು ಕ್ಯಾರಿಬು ಎನ್ನುತ್ತಾರೆ. ಅಲ್ಲಿಯ ಮೂಲನಿವಾಸಿಗಳಾದ ಮಿಕ್ಮಾಕ್ ಜನರ ಭಾಷೆಯಿಂದ ಬಂದ ಆ ಹೆಸರಿಗೆ ಹಿಮ ಕೆದಕುವುದು ಎಂಬ ಅರ್ಥವಿದೆ. ಗೊರಸಿನಿಂದ ಹಿಮ ಕೆದಕಿ ಅದು ಹುಡುಕುವುದು ಕಲ್ಲುಹೂವನ್ನು. ನಮ್ಮಲ್ಲಿ ಮಸಾಲೆಗೆ ಚಿಟಿಕೆಯಷ್ಟು ಬೀಳುವ ಕಲ್ಲುಹೂವಿನ ಬಳಗದ್ದೇ ಆದ, ನೆಲದ ಮೇಲೆ ಬೂದುಬಣ್ಣದ ಸ್ಪಂಜಿನಂತೆ ಹಬ್ಬುವ ಕ್ಲಡೋನಿಯಾ ಜಾತಿಗಳು ನಾರ್ವೆ, ಫಿನ್ಲೆಂಡ್ ಕಡೆಯ ಹಿಮಸಾರಂಗಗಳಿಗೆ ಚಳಿಗಾಲದ ಮುಖ್ಯ ಮೇವು. ಈ ಮೇವಿಗೆ ಎರಡು ದೋಷಗಳಿವೆ. ಅದರಲ್ಲಿ ಪಿಷ್ಟದಂಥ ವಸ್ತು ಧಾರಾಳವಾಗಿದ್ದರೂ ಪ್ರೋಟೀನ್ ತೀರಾ ಕಡಿಮೆ. ಎರಡನೆಯದು ವಿಷ: ಅನೇಕ ಕಲ್ಲುಹೂವುಗಳು ತಮ್ಮ ರಕ್ಷಣೆಗೆಂದು ಅಸ್ನಿಕ್ ಆಮ್ಲವನ್ನು ತಯಾರಿಸಿಕೊಳ್ಳುತ್ತವೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸಸ್ತನಿಗಳ ಯಕೃತ್ತಿಗೂ ಒಳ್ಳೆಯದಲ್ಲ. 2004ರ ಚಳಿಗಾಲದಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಎಲ್ಕ್ ಜಿಂಕೆಗಳು ಬಯಲಿನಲ್ಲಿ ಬಿದ್ದಲ್ಲಿಂದ ಏಳಲಾರದೆ ಸತ್ತವು. ಅವುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಅಸ್ನಿಕ್ ಆಮ್ಲವಿರುವ ಒಂದು ಜಾತಿಯ ಕಲ್ಲುಹೂವು. ಅಸ್ನಿಕ್ ಆಮ್ಲವೊಂದೇ ಆ ಸಾವಿಗೆ ಕಾರಣವೇ ಎಂಬ ಬಗ್ಗೆ ಆಮೇಲೆ ಚರ್ಚೆ ನಡೆಯಿತು. ಕಲ್ಲುಹೂವು ಕಾರಣ ಎಂಬ ಬಗ್ಗೆ ಅಷ್ಟು ಚರ್ಚೆ ಇರಲಿಲ್ಲ.

ಹಿಮಸಾರಂಗ ಅದನ್ನೇ ತಿಂಗಳುಗಟ್ಟಲೆ ಮೆಲುಕು ಹಾಕುತ್ತದೆ. ನಾರ್ವೆಯ ಟ್ರಾಮ್ಸೊ ನಗರದ ಸಂಶೋಧಕಿ ಮೋನಿಕಾ ಸುಂಡ್‌ಸೆಟ್ ಮತ್ತು ಅವರ ಸಂಗಡಿಗರು ಕಲ್ಲುಹೂವು ತಿಂದ ಹಿಮಸಾರಂಗಗಳಲ್ಲಿ ಅಸ್ನಿಕ್ ಆಮ್ಲ ಎಲ್ಲಿ ಹೋಯಿತು ಎಂದು ಬೆನ್ನುಹತ್ತಿ ನೋಡಿದರು. ಮೂತ್ರದಲ್ಲಿ ಇರಲಿಲ್ಲ, ಹಿಕ್ಕೆಯಲ್ಲೂ ಇರಲಿಲ್ಲ. ಯಕೃತ್ತು ಅದನ್ನು ಹೀರಿಕೊಂಡು, ಬೇರೆ ರೂಪ ಕೊಟ್ಟು ಹೊರಹಾಕಿದ್ದರೆ ಅದರ ಗುರುತು ಮೂತ್ರದಲ್ಲಿ ಉಳಿಯಬೇಕಿತ್ತು. ಗುರುತೇ ಇಲ್ಲವೆಂದರೆ ರಕ್ತ ಸೇರುವ ಮೊದಲೇ, ಮೊದಲ ಹೊಟ್ಟೆಯಲ್ಲೇ ಅದು ಮುರಿದುಹೋಗಿದೆ ಎಂದಾಯಿತು. ಅದೇ ಗುಂಪು 2008ರಲ್ಲಿ ಈ ಆಮ್ಲಕ್ಕೆ ಜಗ್ಗದ ಬ್ಯಾಕ್ಟೀರಿಯಾವೊಂದನ್ನು ಹಿಮಸಾರಂಗದ ಹೊಟ್ಟೆಯಿಂದ ಬೇರ್ಪಡಿಸಿ, ಪ್ರಾಣಿಯ ಹೆಸರನ್ನೇ ಸೇರಿಸಿ ಯೂಬ್ಯಾಕ್ಟೀರಿಯಂ ರಾಂಜಿಫೆರಿನಾ ಎಂದು ಕರೆದಿತ್ತು. ಇಂಥ ವಿಷಹರಣ ಉತ್ತರ ಧ್ರುವದ ಪವಾಡವೇನಲ್ಲ. ನಮ್ಮ ರೈತರು ಮೇವಿಗಾಗಿ ಬೆಳೆಸುವ ಸುಬಾಬುಲ್ ಸೊಪ್ಪಿನ ವಿಷವನ್ನು ಹವಾಯಿ ದ್ವೀಪದ ಆಡುಗಳ ಹೊಟ್ಟೆಯ ಬ್ಯಾಕ್ಟೀರಿಯಾ ಮುರಿಯುತ್ತದೆಂದು ಕಂಡುಕೊಂಡು, 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯದ ದನಗಳಿಗೆ ದಾಟಿಸಿದ ಉದಾಹರಣೆ ಪಶುವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ದನ ಬದಲಾಗಲಿಲ್ಲ, ಸೊಪ್ಪೂ ಬದಲಾಗಲಿಲ್ಲ; ಬದಲಾದದ್ದು ಹೊಟ್ಟೆಯ ಬಾಡಿಗೆದಾರ ಮಾತ್ರ.

ಚಳಿ ನಿಜವಾಗಿಯೂ ಬ್ಯಾಕ್ಟೀರಿಯಾದವರೆಗೆ ಇಳಿಯುವುದು ಶಿಶಿರನಿದ್ರೆಗೆ ಜಾರುವ ಸಣ್ಣ ಪ್ರಾಣಿಗಳಲ್ಲಿ. ಅಲಾಸ್ಕಾದ ಆರ್ಕ್ಟಿಕ್ ನೆಲ ಅಳಿಲಿನ ಮೈಯ ಉಷ್ಣತೆ ನಿದ್ರೆಯಲ್ಲಿ ಸೊನ್ನೆಗಿಂತ 2.9 ಡಿಗ್ರಿ ಕೆಳಕ್ಕೆ ಇಳಿಯುವುದನ್ನು ಬ್ರಯಾನ್ ಬಾರ್ನ್ಸ್ 1989ರಲ್ಲಿ ವರದಿ ಮಾಡಿದರು. ಕೆನಡಾದ ದಕ್ಷಿಣ ಭಾಗದಿಂದ ಅಮೆರಿಕದ ಹುಲ್ಲುಗಾವಲುಗಳವರೆಗೆ ಹರಡಿರುವ ಅದರ ಬಂಧುವಿನ ಬೆನ್ನ ಮೇಲೆ ಹದಿಮೂರು ಗೆರೆಗಳಿವೆ (ನಮ್ಮ ಅಳಿಲಿಗೆ ಮೂರೇ). ಈ ಹದಿಮೂರು ಗೆರೆಯ ಅಳಿಲು ಸುಮಾರು ಆರು ತಿಂಗಳು ನೆಲದೊಳಗೆ ಉಂಡೆಯಾಗಿ ಮಲಗಿರುತ್ತದೆ. ಮೈ 5 ಡಿಗ್ರಿಯ ಆಸುಪಾಸಿಗೆ ತಣ್ಣಗಾಗಿರುತ್ತದೆ. ವಾರ ಎರಡು ವಾರಕ್ಕೊಮ್ಮೆ ಕೆಲವು ಗಂಟೆಗಳ ಕಾಲ ಮಾತ್ರ ಮೈ ಬಿಸಿಯಾಗಿ, ಮತ್ತೆ ತಣಿಯುತ್ತದೆ. ತಿನ್ನುವುದಿಲ್ಲ, ಕುಡಿಯುವುದಿಲ್ಲ. ಶಕ್ತಿಗೇನೋ ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಇದೆ, ಆದರೆ ಕೊಬ್ಬಿನಲ್ಲಿ ಸಾರಜನಕವಿಲ್ಲ. ಸಾರಜನಕವಿಲ್ಲದೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದೆ ಸ್ನಾಯು ಇಲ್ಲ. ಆರು ತಿಂಗಳು ಹಾಸಿಗೆ ಹಿಡಿದ ಮನುಷ್ಯ ಎದ್ದು ನಿಲ್ಲಲು ಎಷ್ಟು ಒದ್ದಾಡುತ್ತಾನೆಂದು ಎಲ್ಲರಿಗೂ ಗೊತ್ತು. ಈ ಅಳಿಲು ವಸಂತದಲ್ಲಿ ಬಿಲದಿಂದ ಹೊರಬಿದ್ದ ಕೂಡಲೇ ಓಡುತ್ತದೆ, ಜೋಡಿಗಾಗಿ ಜಗಳಕ್ಕೂ ನಿಲ್ಲುತ್ತದೆ.

ಈ ಒಗಟಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹನ್ನಾ ಕೇರಿ, ಮಾಂಟ್ರಿಯಲ್‌ನ ಮ್ಯಾಥ್ಯೂ ರೀಗನ್ ಮತ್ತು ಜೊತೆಗಾರರು 2022ರಲ್ಲಿ ಕೊಟ್ಟ ಉತ್ತರ ಯೂರಿಯಾ. ದೇಹದಲ್ಲಿ ಪ್ರೋಟೀನ್ ಸವೆದಾಗ ಉಳಿಯುವ ಸಾರಜನಕ ಯೂರಿಯಾ ಆಗಿ ಮೂತ್ರಕ್ಕೆ ಹೋಗುವುದು ಸಾಮಾನ್ಯ ದಾರಿ. ಅದರಲ್ಲೊಂದು ಪಾಲು ರಕ್ತದಿಂದ ಕರುಳಿಗೂ ಜಿನುಗುತ್ತದೆ. ಯೂರಿಯಾವನ್ನು ಒಡೆಯುವ ಯೂರಿಯೇಸ್ ಕಿಣ್ವ ಸಸ್ತನಿಗಳ ಜೀವಕೋಶಗಳಲ್ಲಿ ಇಲ್ಲ, ಕರುಳಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇದೆ. ಸಂಶೋಧಕರು ಗುರುತು ಹಾಕಿದ ಯೂರಿಯಾವನ್ನು, ಎಂದರೆ ಸಾಮಾನ್ಯಕ್ಕಿಂತ ತುಸು ಭಾರವಾದ ಇಂಗಾಲ ಮತ್ತು ಸಾರಜನಕದ ಪರಮಾಣುಗಳಿಂದ ಮಾಡಿದ್ದನ್ನು, ಅಳಿಲುಗಳಿಗೆ ಚುಚ್ಚಿ ಆ ಪರಮಾಣುಗಳ ಜಾಡು ಹಿಡಿದರು. ಬ್ಯಾಕ್ಟೀರಿಯಾ ಒಡೆದ ಯೂರಿಯಾದ ಸಾರಜನಕ ಕಡೆಗೆ ಅಳಿಲಿನದೇ ಪ್ರೋಟೀನ್‌ಗಳಲ್ಲಿ ಸಿಕ್ಕಿತು. ಪ್ರತಿಜೀವಕ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದ ಅಳಿಲುಗಳಲ್ಲಿ ಈ ಹರಿವು ಕುಸಿಯಿತು. ಎಲ್ಲಕ್ಕಿಂತ ಗಮನಾರ್ಹ ವಿಷಯ, ಈ ಮರುಬಳಕೆ ಅತಿ ಹೆಚ್ಚಾಗಿದ್ದದ್ದು ಚಳಿಗಾಲದ ಕೊನೆಯಲ್ಲಿ, ಉಪವಾಸ ಅತಿ ದೀರ್ಘವಾದಾಗ. ಕರುಳಿನ ಗೋಡೆಯಲ್ಲಿ ಯೂರಿಯಾ ಸಾಗಿಸುವ ಬಾಗಿಲುಗಳೂ, ಬ್ಯಾಕ್ಟೀರಿಯಾಗಳಲ್ಲಿ ಯೂರಿಯೇಸ್ ವಂಶವಾಹಿಗಳೂ ಆಗಲೇ ಹೆಚ್ಚಿದ್ದವು. ಭತ್ತದ ಒಣಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ, ಮುಚ್ಚಿಟ್ಟು, ಹಸುವಿಗೆ ಹಾಕುವ ಹೈನುಗಾರರಿಗೆ ಇದು ಅರ್ಥವಾಗುವ ಲೆಕ್ಕ: ಗೊಬ್ಬರದ ಸಾರಜನಕವನ್ನು ಹಸು ತಾನಾಗಿ ಬಳಸಲಾರದು, ಅದರ ಹೊಟ್ಟೆಯ ಬ್ಯಾಕ್ಟೀರಿಯಾ ಬಳಸಬಲ್ಲದು. ಕಲ್ಲುಹೂವಿನ ಮೇವಿನಲ್ಲಿ ಪ್ರೋಟೀನ್ ಸಾಲದ ಹಿಮಸಾರಂಗವೂ ಯೂರಿಯಾವನ್ನು ಮೂತ್ರಕ್ಕೆ ಬಿಡದೆ ಜೊಲ್ಲಿನೊಂದಿಗೆ ಹೊಟ್ಟೆಗೆ ಮರಳಿಸಿಕೊಳ್ಳುತ್ತದೆ.

ಅಳಿಲಿನ ಒಗಟಿಗೆ ಕೊಟ್ಟ ಈ ಉತ್ತರಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅಲಾಸ್ಕಾ ವಿಶ್ವವಿದ್ಯಾಲಯದ ಸಾರಾ ರೈಸ್, ಕೆಲ್ಲಿ ಡ್ರೂ ಮತ್ತಿತರರು ಆರ್ಕ್ಟಿಕ್ ನೆಲ ಅಳಿಲಿನ ಮೇಲೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ನಾಯು ಸವೆದಾಗ ಹೊರಬೀಳುವ ಸಾರಜನಕವನ್ನು ಪ್ರಾಣಿಯ ದೇಹವೇ ಮತ್ತೆ ಅಮೈನೋ ಆಮ್ಲಗಳಾಗಿ ಕಟ್ಟಿಕೊಳ್ಳುತ್ತದೆ. ಹಾಗಾದರೆ ಬ್ಯಾಕ್ಟೀರಿಯಾದ ಹಂಗೇಕೆ? ಆಕ್ಷೇಪ ನ್ಯಾಯವಾದದ್ದೇ, ಆದರೆ ಅದು ಬ್ಯಾಕ್ಟೀರಿಯಾದ ಪಾಲನ್ನು ಕುಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ದೇಹದ ಈ ಮರುಬಳಕೆ ನಡೆಯುವುದು ಸಾರಜನಕ ಯೂರಿಯಾ ಆಗುವ ಮೊದಲು. ಒಮ್ಮೆ ಯೂರಿಯಾ ಆಗಿಬಿಟ್ಟರೆ ಅದನ್ನು ಮರಳಿ ಪಡೆಯಲು ಸಸ್ತನಿಗೆ ಬ್ಯಾಕ್ಟೀರಿಯಾ ಬಿಟ್ಟರೆ ಬೇರೆ ದಾರಿಯಿಲ್ಲ. ತೂತು ಬೀಳದಂತೆ ನೋಡಿಕೊಳ್ಳುವುದು ಒಂದು, ಸೋರಿದ್ದನ್ನು ಕೆಳಗೆ ಪಾತ್ರೆಯಿಟ್ಟು ಹಿಡಿಯುವುದು ಇನ್ನೊಂದು. ಆರು ತಿಂಗಳ ಉಪವಾಸಕ್ಕೆ ಎರಡೂ ಬೇಕು. ಚಳಿಗಾಲದಲ್ಲಿ ಮೈಯೇ ಹೆಪ್ಪುಗಟ್ಟಿದರೂ ಸಾಯದ ಉತ್ತರ ಅಮೆರಿಕದ ಕಾಡುಗಪ್ಪೆಯ ಕರುಳಿನ ಬ್ಯಾಕ್ಟೀರಿಯಾಗಳೂ ನಿದ್ರೆಯ ಕಾಲದಲ್ಲಿ ಯೂರಿಯಾ ಒಡೆಯುತ್ತವೆಂದು 2018ರಲ್ಲಿ ತೋರಿಸಲಾಗಿದೆ. ವಂಶದಲ್ಲಿ ಇಷ್ಟು ದೂರದ ಎರಡು ಪ್ರಾಣಿಗಳಲ್ಲಿ ಒಂದೇ ಉಪಾಯ ಕಾಣುವುದನ್ನು ಕಾಕತಾಳೀಯ ಎನ್ನುವುದು ಕಷ್ಟ.

ಕಂದು ಕರಡಿಯ ಪುರಾವೆ ಹೆಚ್ಚು ಹೆಸರಾದದ್ದು, ಆದರೆ ತುಸು ಸಡಿಲವಾದದ್ದು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಫ್ರೆಡ್ರಿಕ್ ಬೆಕ್‌ಹೆಡ್ ಅವರ ತಂಡ ಕಾಡಿನ ಕರಡಿಗಳ ಹಿಕ್ಕೆಯನ್ನು ಚಳಿಗಾಲದ ಗುಹೆಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಸಂಗ್ರಹಿಸಿ 2016ರಲ್ಲಿ ಹೋಲಿಸಿತು. ಚಳಿಗಾಲದ ಸಮುದಾಯದಲ್ಲಿ ವೈವಿಧ್ಯ ಕಡಿಮೆ ಇತ್ತು. ಬಳಿಕ ಎರಡೂ ಕಾಲದ ಸೂಕ್ಷ್ಮಜೀವಿಗಳನ್ನು, ಹುಟ್ಟಿನಿಂದ ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದೆ ಬೆಳೆಸಿದ ಇಲಿಗಳಿಗೆ ಕೊಟ್ಟಾಗ, ಬೇಸಿಗೆಯದನ್ನು ಪಡೆದ ಇಲಿಗಳ ಮೈಯಲ್ಲಿ ಹೆಚ್ಚು ಕೊಬ್ಬು ಸೇರಿತು. ಹಾಗಿದ್ದೂ ಸಕ್ಕರೆ ನಿಭಾಯಿಸುವ ಶಕ್ತಿ ಕೆಡಲಿಲ್ಲ. ಇದನ್ನೇ ಹಿಡಿದು ‘ಕರಡಿ ದಪ್ಪಗಾಗುವುದು ಬ್ಯಾಕ್ಟೀರಿಯಾದಿಂದ’ ಎಂದು ಬರೆದವರಿದ್ದಾರೆ. ಅದು ಅತಿಯಾಯಿತು. ಇಲಿ ಕರಡಿಯಲ್ಲ, ಶರತ್ಕಾಲದಲ್ಲಿ ಕರಡಿ ದಿನವಿಡೀ ಹಣ್ಣು ಮುಕ್ಕುತ್ತದೆ ಎಂಬ ಸರಳ ಸಂಗತಿಯನ್ನೂ ಮರೆಯುವಂತಿಲ್ಲ. ಆದರೂ ಬರಿಯ ಪಟ್ಟಿ ಕೊಡಲಾರದ್ದನ್ನು ಈ ಪ್ರಯೋಗ ಕೊಟ್ಟಿತು: ಉಳಿದೆಲ್ಲವೂ ಒಂದೇ ಆಗಿದ್ದಾಗ, ಸೂಕ್ಷ್ಮಜೀವಿಗಳ ವ್ಯತ್ಯಾಸವೊಂದೇ ಮೈಯ ತೂಕದಲ್ಲಿ ವ್ಯತ್ಯಾಸ ತರಬಲ್ಲದು.

ಇನ್ನೊಂದು ಆಕ್ಷೇಪ ಇಡೀ ಕ್ಷೇತ್ರವನ್ನೇ ಕೆಣಕುವಂಥದ್ದು. ಪ್ರಾಣಿಗೆ ಕರುಳಿನ ಸೂಕ್ಷ್ಮಜೀವಿಗಳು ಬೇಕೇ ಬೇಕು ಎಂಬುದೇ ಸುಳ್ಳಿರಬಹುದು ಎನ್ನುತ್ತದೆ ಅದು. ಎಲೆ ತಿನ್ನುವ ಕಂಬಳಿಹುಳುಗಳ ಕರುಳಿನಲ್ಲಿ ಸ್ಥಿರವಾಗಿ ನೆಲೆಸಿದ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲವೆಂದು ಟೋಬಿನ್ ಹ್ಯಾಮರ್ 2017ರಲ್ಲಿ ತೋರಿಸಿದ ಮೇಲೆ ಈ ಮಾತಿಗೆ ಬಲ ಬಂದಿದೆ. ಉತ್ತರದ ಪ್ರಾಣಿಗಳಲ್ಲೂ ಎಲ್ಲವೂ ಒಂದೇ ಸಮ ಬ್ಯಾಕ್ಟೀರಿಯಾದ ಋಣದಲ್ಲಿಲ್ಲ. ಸೀಲ್‌ನ ಕೊಬ್ಬು ತಿಂದು ಬದುಕುವ ಹಿಮಕರಡಿಗೆ ನಾರು ಒಡೆಯುವ ಕೆಲಸವೇ ಇಲ್ಲ. ಸ್ವಾಲ್‌ಬಾರ್ಡ್ ದ್ವೀಪಗಳ ಹಿಮಕರಡಿಗಳ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ತೀರಾ ಕಡಿಮೆ. ಅಲಾಸ್ಕಾದ ಉತ್ತರದ ಬ್ಯೂಫರ್ಟ್ ಸಮುದ್ರದಲ್ಲಿ ಮಂಜು ಕರಗಿ, ಕೆಲವು ಹಿಮಕರಡಿಗಳು ದಡಕ್ಕೆ ಬಂದು, ಇನ್ಯುಪಿಯಾಟ್ ಜನ ಬೇಟೆಯಾಡಿದ ತಿಮಿಂಗಿಲದ ಎಲುಬಿನ ರಾಶಿಯನ್ನು ಕೆದಕುತ್ತವೆ. ಮಂಜಿನ ಮೇಲೆಯೇ ಉಳಿದವುಗಳಿಗಿಂತ ಈ ದಡದ ಕರಡಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚು. ವೈವಿಧ್ಯವೆಂದರೆ ಆರೋಗ್ಯ ಎಂಬ ಜಾಹೀರಾತಿನ ಸೂತ್ರವನ್ನು ಇಲ್ಲಿ ಹಚ್ಚಿದರೆ, ನೆಲೆ ಕಳೆದುಕೊಂಡ ಕರಡಿಯೇ ಹೆಚ್ಚು ಆರೋಗ್ಯವಂತ ಎನ್ನಬೇಕಾಗುತ್ತದೆ. ಗುಹೆಯಲ್ಲಿ ಮಲಗಿದ ಕಂದು ಕರಡಿಯಲ್ಲಿ ವೈವಿಧ್ಯ ಇಳಿದದ್ದು ರೋಗವೂ ಅಲ್ಲ. ತಲೆ ಎಣಿಕೆಯಿಂದ ಯಾವ ತೀರ್ಪೂ ಸಿಗುವುದಿಲ್ಲ.

ಕರುಳಿನ ಸಮುದಾಯ ಬದಲಾಗಲು ಹಸಿವಲ್ಲ, ಚಳಿಯೇ ನೇರ ಕಾರಣ ಎನ್ನುವವರ ಕೈಯಲ್ಲಿರುವ ಮುಖ್ಯ ಸಾಕ್ಷ್ಯ ಪ್ರಯೋಗಶಾಲೆಯದು. ಜಿನೀವಾದಲ್ಲಿ 6 ಡಿಗ್ರಿ ಚಳಿಯಲ್ಲಿಟ್ಟ ಇಲಿಗಳ ಸೂಕ್ಷ್ಮಜೀವಿಗಳನ್ನು ಬೇರೆ ಇಲಿಗಳಿಗೆ ಕೊಟ್ಟಾಗ ಅವುಗಳ ಕರುಳು ಉದ್ದವಾಯಿತು, ಅವು ಚಳಿ ತಡೆದವು ಎಂದು 2015ರಲ್ಲಿ ವರದಿಯಾಯಿತು. ಕುತೂಹಲದ ವಿಷಯವೇ ಸರಿ. ಆದರೆ ಪಂಜರದ ಇಲಿಗೆ ಮೇವು ಸದಾ ಮುಂದಿರುತ್ತದೆ; ಕಾಡಿನ ಚಳಿಗಾಲದಲ್ಲಿ ಚಳಿಯೂ ಹಸಿವೂ ಜೊತೆಯಾಗಿಯೇ ಬರುತ್ತವೆ.

ಪಂಜರಕ್ಕೂ ಕಾಡಿಗೂ ಇರುವ ಈ ಅಂತರ ಟಾರ್ಮಿಗನ್ ಎಂಬ ಹಕ್ಕಿಯಲ್ಲಿ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ಬೆಳ್ಳಗಾಗುವ, ಕೋಳಿಯ ಬಳಗದ ಈ ಹಕ್ಕಿ ಮೊಗ್ಗು, ಚಿಗುರುಕಡ್ಡಿಗಳ ಮೇಲೆ ಬದುಕುತ್ತದೆ. ಅದಕ್ಕೆ ಸೀಕಮ್ ಎಂಬ ಕುರುಡುಗರುಳು ಎರಡಿವೆ, ಎರಡೂ ಉದ್ದವಾದವು. ನಾರು ಕೊಳೆಯುವುದೂ ಗಿಡದ ಒಗರು ಮುರಿಯುವುದೂ ಅಲ್ಲಿಯೇ. ಈ ಉತ್ತರದ ಹಕ್ಕಿಯ ತೀರಾ ದಕ್ಷಿಣದ ಸಂತತಿ ಜಪಾನಿನ ಎತ್ತರದ ಬೆಟ್ಟಗಳಲ್ಲಿ ಉಳಿದುಕೊಂಡಿದೆ. ಅಲ್ಲಿಯ ಕಾಡುಹಕ್ಕಿಗಳನ್ನೂ, ಸ್ವಾಲ್‌ಬಾರ್ಡ್ ಮೂಲದ ಸಾಕಿದ ಹಕ್ಕಿಗಳನ್ನೂ ಜಪಾನಿ ವಿಜ್ಞಾನಿ ಕಝುನಾರಿ ಉಶಿದಾ ಮತ್ತಿತರರು ಹೋಲಿಸಿದಾಗ ಎರಡರ ಕರುಳಿನ ಸಮುದಾಯ ಬೇರೆಬೇರೆಯಾಗಿತ್ತು. ಸಾಕಿದ ಹಕ್ಕಿಯನ್ನು ಬೆಟ್ಟಕ್ಕೆ ಬಿಟ್ಟರೆ ಅಲ್ಲಿಯ ಒಗರು ಗಿಡಗಳನ್ನು ಅದು ಅರಗಿಸಿಕೊಂಡೀತೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಯೂರೋಪಿನ ಕ್ಯಾಪರ್‌ಕೇಲಿ ಹಕ್ಕಿಯಲ್ಲೂ ಕಾಡಿನದಕ್ಕೂ ಸಾಕಿದ್ದಕ್ಕೂ ಇಂಥದ್ದೇ ವ್ಯತ್ಯಾಸ ದಾಖಲಾಗಿದೆ. ಪಂಜರದಲ್ಲಿ ಕಾಳಿನ ಮೇವು ಹಾಕಿ, ನೆಲ ತೊಳೆದು, ಹಿಕ್ಕೆ ಬಳಿದು ಮರಿಗಳನ್ನು ಚೊಕ್ಕಟವಾಗಿ ಬೆಳೆಸುತ್ತಾರೆ. ಬೆಟ್ಟದ ಮೇಲೆ ಹಾಗಲ್ಲ. ತಾಯಿಹಕ್ಕಿ ಕುರುಡುಗರುಳಿನಿಂದ ಹೊರಹಾಕುವ ಮೆತ್ತನೆಯ ಹಿಕ್ಕೆಯನ್ನು, ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ ಮರಿಗಳು ಓಡಿಬಂದು ಕುಕ್ಕಿ ತಿನ್ನುತ್ತವೆ.