ಓಡಿ ಬಂದ ಮೇಲೆ ವಿಟಮಿನ್ ಸಿ ಮಾತ್ರೆ ಬೇಕಾ? ತಗೊಳ್ಳೋ ಮುಂಚೆ ಇದನ್ನ ಓದಿ

ಪೊಲೀಸ್, ಅಗ್ನಿವೀರ್ ನೇಮಕಾತಿಗೆ ಅಂತ ಬೆಳಗ್ಗೆ ಎದ್ದು ಓಡುವ ಹುಡುಗರು, ಜಿಮ್‌ಗೆ ಹೋಗೋರು ಮೆಡಿಕಲ್ ಶಾಪ್‌ನಲ್ಲಿ ವಿಟಮಿನ್ ಸಿ ಮಾತ್ರೆ ಕೇಳೋದು ಹೊಸದೇನಲ್ಲ. ಚೀಟಿ ಬೇಡ, ರೇಟೂ ಕಮ್ಮಿ. ಸುಸ್ತು ಹೋಗುತ್ತೆ, ಮೈಕೈ ನೋವು ಬರಲ್ಲ ಅನ್ನೋ ನಂಬಿಕೆ. ಆದರೆ ದಿನಾ ದೊಡ್ಡ ಡೋಸ್ ತಗೊಂಡ್ರೆ ಪಟ್ಟ ಶ್ರಮದ ಲಾಭವೇ ಸ್ವಲ್ಪ ಕೈತಪ್ಪಬಹುದು.

ಓಡುವಾಗ ಸ್ನಾಯುಗಳಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಕಣಗಳು ಜಾಸ್ತಿ ಹುಟ್ಟುತ್ತವೆ. ದೇಹ ತಡೆಯೋದಕ್ಕಿಂತ ಹೆಚ್ಚಾದರೆ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ. ವಿಟಮಿನ್ ಸಿ ಈ ಕಣಗಳನ್ನು ಸುಮ್ಮನಾಗಿಸುತ್ತೆ, ಅದು ನಿಜ. ಹಾಗಾದ್ರೆ ಒಳ್ಳೇದೇ ಅಲ್ವಾ? ಅಲ್ಲೇ ಇರೋದು ತೊಡಕು. ದೇಹಕ್ಕೆ "ಇನ್ನೂ ಗಟ್ಟಿಯಾಗು" ಅಂತ ಸೂಚನೆ ಕೊಡೋದೂ ಇದೇ ಕಣಗಳು. ಆ ಸೂಚನೆ ಸಿಕ್ಕಿದ ಮೇಲೆಯೇ ದೇಹ ತನ್ನದೇ ರಕ್ಷಣೆಯ ಕಿಣ್ವಗಳನ್ನು, ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳನ್ನು ಹೆಚ್ಚಿಸಿಕೊಳ್ಳುತ್ತೆ.

2009ರಲ್ಲಿ ಜರ್ಮನಿಯ ಸಂಶೋಧಕರು ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನಕ್ಕೆ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ ಕೊಟ್ಟರು. ಮಾತ್ರೆ ಇಲ್ಲದವರ ದೇಹದಲ್ಲಿ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ಮಾತ್ರೆ ತಗೊಂಡವರಲ್ಲಿ ಆ ಲಾಭ ಕಾಣಲಿಲ್ಲ. ಶುಗರ್ ಬರಬಾರದು ಅಂತ ಅಂಗಡಿ ಬಾಗಿಲು ಹಾಕಿ ವಾಕಿಂಗ್ ಹೋಗೋರು ಇದನ್ನ ಗಮನಿಸಬೇಕು. 2014ರಲ್ಲಿ ನಾರ್ವೆಯಲ್ಲೂ 54 ಜನರ ಮೇಲೆ 11 ವಾರ ಇಂಥದ್ದೇ ಪರೀಕ್ಷೆ ನಡೀತು. ಮೈಟೊಕಾಂಡ್ರಿಯಾ ಹೆಚ್ಚುವ ಗುರುತು ಮಾತ್ರೆ ತಗೊಳ್ಳದವರಲ್ಲೇ ಸಿಕ್ಕಿತು. ಆದರೆ ಓಟದ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಏರಿತು, ಅದನ್ನೂ ಹೇಳಲೇಬೇಕು. ಹಾಗಾಗಿ ಮಾತ್ರೆ ತಿಂದ್ರೆ ಓಟವೇ ಕೆಟ್ಟುಹೋಗುತ್ತೆ ಅಂತ ಯಾರೂ ಹೆದರಬೇಕಿಲ್ಲ.

ಇನ್ನು ಮೈಕೈ ನೋವು. 2017ರಲ್ಲಿ ಕಾಕ್ರೇನ್ ಸಂಸ್ಥೆ 50 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ವ್ಯಾಯಾಮದ ನಂತರದ ನೋವು ಇಂಥ ಮಾತ್ರೆಗಳಿಂದ ಗೊತ್ತಾಗುವಷ್ಟು ಕಡಿಮೆಯಾಗಲ್ಲ ಅಂತ ತಿಳಿಯಿತು. ಒಂದು ವಿಷಯದಲ್ಲಿ ಮಾತ್ರ ಉಪಯೋಗ ಕಂಡಿದೆ: ಮ್ಯಾರಥಾನ್ ಓಟಗಾರರು, ಚಳಿಯಲ್ಲಿ ತರಬೇತಿ ಮಾಡುವ ಸೈನಿಕರಂಥ ವಿಪರೀತ ಶ್ರಮದವರಿಗೆ ನೆಗಡಿ ಬರೋದು ಸುಮಾರು ಅರ್ಧಕ್ಕೆ ಇಳಿದಿದೆ.

ಹಾಗಾದ್ರೆ ದಿನಕ್ಕೆ ಎಷ್ಟು ಬೇಕು? ಐಸಿಎಂಆರ್ 2020ರ ಪ್ರಕಾರ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. 500ರ ಒಂದು ಮಾತ್ರೆ ಅಂದ್ರೆ ಗಂಡಸರಿಗೆ ಆರು ದಿನದ ಲೆಕ್ಕ. 100 ಗ್ರಾಂ ಸೀಬೆಹಣ್ಣಲ್ಲೇ ಸುಮಾರು 200 ಮಿಲಿಗ್ರಾಂ ಇರುತ್ತೆ. ಬೆಟ್ಟದ ನೆಲ್ಲಿಕಾಯಿಯಂತೂ ಬಿಡಿ, ಒಂದು ತಿಂದ್ರೂ ಸಾಕು. ಸಂತೆಯಲ್ಲಿ ಸಿಗೋದನ್ನ ಬಿಟ್ಟು ಡಬ್ಬಿಗೆ ದುಡ್ಡು ಹಾಕೋದು ಯಾಕೋ!

ಜಾಸ್ತಿಯಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತೆ. ದಿನಕ್ಕೆ 2000 ಮಿಲಿಗ್ರಾಂ ದಾಟಿದ್ರೆ ಭೇದಿ, ಹೊಟ್ಟೆನೋವು ಬರಬಹುದು. ಕಿಡ್ನಿ ಕಲ್ಲು ಇದ್ದೋರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ರಕ್ತ ಕಡಿಮೆ ಇರೋರಿಗೆ ಕಬ್ಬಿಣದ ಮಾತ್ರೆ ಜೊತೆ ವಿಟಮಿನ್ ಸಿ ಬರೆದುಕೊಟ್ಟಿದ್ರೆ ಅದು ಬೇರೆ ವಿಷಯ. ಕಬ್ಬಿಣಾಂಶ ಮೈಗೆ ಹತ್ತೋಕೆ ಅದು ನೆರವಾಗುತ್ತೆ, ಈ ಸುದ್ದಿ ಓದಿ ನಿಲ್ಲಿಸಬೇಡಿ.