ಉತ್ತರ ಕೊರಿಯಾದ ರೈಲು ಮತ್ತು ಸಾರ್ವಜನಿಕ ಸಾರಿಗೆ

ಉತ್ತರ ಕೊರಿಯಾದ ರೈಲು ಜಾಲದ ಉದ್ದ ಸುಮಾರು 5,200 ಕಿ.ಮೀ. ಇದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ವಿದ್ಯುದೀಕರಣಗೊಂಡಿದೆ. ಇಡೀ ಜಾಲ ಸರ್ಕಾರದ ರೈಲ್ವೆ ಸಚಿವಾಲಯದ ಕೈಯಲ್ಲಿದ್ದು, ದೇಶದ ಸರಕು ಸಾಗಣೆಯ ಬಹುಪಾಲನ್ನು ಹೊರುತ್ತದೆ. ಸ್ವಂತ ಕಾರು ಇರುವವರು ತೀರ ವಿರಳ. ದೂರದ ಊರಿಗೆ ಹೋಗುವವರು ಬಹುಕಾಲ ರೈಲನ್ನೇ ನೆಚ್ಚಿಕೊಂಡಿದ್ದರು.

ಮುಖ್ಯ ಹಳಿಗಳನ್ನು ಹಾಕಿದವರು ಜಪಾನೀಯರು. ಸೋಲ್‌ನಿಂದ ಚೀನಾ ಗಡಿಯ ಸಿನುಯ್ಜುವರೆಗಿನ ಮಾರ್ಗ 1906ರಲ್ಲಿ ಮುಗಿಯಿತು. 1911ರಲ್ಲಿ ಆ ಗಡಿಯ ಯಾಲು ನದಿಗೆ ಸೇತುವೆ ಕಟ್ಟಿದ ಮೇಲೆ ಅದು ಮಂಚೂರಿಯಾದೊಂದಿಗೆ ಕೂಡಿಕೊಂಡಿತು. ಕೊರಿಯಾ ಯುದ್ಧದಲ್ಲಿ (1950–53) ಅಮೆರಿಕದ ಬಾಂಬುಗಳು ಈ ಜಾಲವನ್ನು ಬಹುತೇಕ ಧ್ವಂಸ ಮಾಡಿದವು. ಆ ಹಳೆಯ ಸೇತುವೆಯ ಚೀನಾ ಬದಿಯ ತುಂಡು ಈಗಲೂ ನದಿಯ ನಡುವೆ ಮುರಿದು ನಿಂತಿದೆ. ಅದರ ಪಕ್ಕದಲ್ಲಿರುವ, 1943ರಲ್ಲಿ ಕಟ್ಟಿದ ಸೇತುವೆಯ ಮೇಲೆ ರೈಲುಗಳು ಓಡುತ್ತವೆ.

ಯುದ್ಧಾನಂತರ ಆಳುವವರು ವಿದ್ಯುತ್ತನ್ನು ಆರಿಸಿಕೊಂಡದ್ದು ಲೆಕ್ಕಾಚಾರದ ನಿರ್ಧಾರ. ದೇಶದಲ್ಲಿ ತೈಲವಿಲ್ಲ, ಕಲ್ಲಿದ್ದಲು ಮತ್ತು ಜಲವಿದ್ಯುತ್ತು ಇವೆ. 3,000 ವೋಲ್ಟ್ ಏಕಮುಖ ವಿದ್ಯುತ್ತಿನ ತಂತಿ ಎಳೆದರು. ಜೆಕೊಸ್ಲೊವಾಕಿಯಾದ ವಿನ್ಯಾಸವನ್ನು ಆಧರಿಸಿ 1960ರ ದಶಕದಿಂದ ಪ್ಯೊಂಗ್ಯಾಂಗ್‌ನಲ್ಲೇ 'ಕೆಂಬಾವುಟ' ಹೆಸರಿನ ಎಂಜಿನ್‌ಗಳನ್ನು ತಯಾರಿಸಿದರು. ಸ್ವಾವಲಂಬನೆಗೆಂದು ಹಿಡಿದ ಈ ದಾರಿಯೇ ಕೊನೆಗೆ ಮುಳುವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಅಗ್ಗದ ತೈಲವೂ ಬಿಡಿಭಾಗಗಳೂ ನಿಂತುಹೋದವು. 1990ರ ದಶಕದ ಪ್ರವಾಹಗಳಲ್ಲಿ ಕಲ್ಲಿದ್ದಲು ಗಣಿಗಳಿಗೆ ನೀರು ನುಗ್ಗಿ ವಿದ್ಯುತ್ ಉತ್ಪಾದನೆ ಕುಸಿಯಿತು. ಕರೆಂಟು ಹೋದರೆ ಹಳಿಯ ಮೇಲಿದ್ದ ರೈಲು ಇದ್ದಲ್ಲೇ ನಿಲ್ಲುತ್ತಿತ್ತು. ಒಂದು ದಿನದ ಪ್ರಯಾಣಕ್ಕೆ ಹಲವು ದಿನ ಹಿಡಿದದ್ದನ್ನು ದೇಶ ಬಿಟ್ಟು ಬಂದವರು ಹೇಳುತ್ತಾರೆ.

ಕರೆಂಟು ಇದ್ದರೂ ಮನಬಂದಂತೆ ರೈಲು ಹತ್ತುವಂತಿಲ್ಲ. ತನ್ನ ಜಿಲ್ಲೆಯ ಆಚೆಗೆ ಹೋಗಬೇಕಾದವನಿಗೆ ಅಧಿಕಾರಿಗಳು ಕೊಟ್ಟ ರಹದಾರಿ ಬೇಕು. ಪ್ಯೊಂಗ್ಯಾಂಗ್‌ಗೆ ಮತ್ತು ಗಡಿ ಪ್ರದೇಶಗಳಿಗೆ ಬೇರೆಯದೇ ಪರವಾನಗಿ. 1990ರ ದಶಕದ ಕ್ಷಾಮದ ವರ್ಷಗಳಲ್ಲಿ ಪಡಿತರ ನಿಂತಾಗ ಜನ ಅನ್ನ ಹುಡುಕಿಕೊಂಡು ಊರೂರು ಅಲೆದರು, ಈ ನಿಯಮ ಸಡಿಲವಾಯಿತು. ಲಂಚ ಕೊಟ್ಟರೆ ರಹದಾರಿ ಸಿಗುವುದು ಆಗಿನಿಂದ ವಾಡಿಕೆ. ಅದೇ ಹೊತ್ತಿನಲ್ಲಿ ಹುಟ್ಟಿದ್ದು 'ಸೆರ್ವಿಚಾ'. ಕಾಗದದ ಮೇಲೆ ಸರ್ಕಾರಿ ಸಂಸ್ಥೆಯದೋ ಸೇನೆಯದೋ ಆದ ಲಾರಿ, ಬಸ್ಸುಗಳನ್ನು ಖಾಸಗಿಯವರು ಓಡಿಸಿ, ಜನರನ್ನೂ ಮೂಟೆಗಳನ್ನೂ ಬಾಡಿಗೆಗೆ ಸಾಗಿಸುವ ವ್ಯವಸ್ಥೆಯಿದು. ಖಾಸಗಿ ಸಾರಿಗೆಗೆ ಜಾಗವಿಲ್ಲದ ದೇಶದಲ್ಲಿ ಸಂತೆ-ಮಾರುಕಟ್ಟೆಗಳನ್ನು ಬದುಕಿಸಿದ್ದರಲ್ಲಿ ಇದರ ಪಾಲು ದೊಡ್ಡದು.

ರಾಜಧಾನಿಯ ಚಿತ್ರ ಬೇರೆ. ಪ್ಯೊಂಗ್ಯಾಂಗ್ ಮೆಟ್ರೊ 1973ರಲ್ಲಿ ಶುರುವಾಯಿತು, ಎರಡನೆಯ ಮಾರ್ಗ 1975ರಲ್ಲಿ. ಸುರಂಗಗಳು ಸುಮಾರು ನೂರು ಮೀಟರ್ ಆಳದಲ್ಲಿವೆ. ಯುದ್ಧ ಬಂದರೆ ಆಶ್ರಯತಾಣವಾಗಲೆಂಬ ಎಣಿಕೆಯೂ ಇದರ ಹಿಂದಿದೆ. ನಿಲ್ದಾಣಗಳಿಗೆ ಬಡಾವಣೆಗಳ ಹೆಸರಿಲ್ಲ. ವಿಜಯ, ಕೀರ್ತಿ, ಪುನರುತ್ಥಾನ, ಕೆಂಪು ನಕ್ಷತ್ರ, ಹೀಗೆ ಇಟ್ಟಿದ್ದಾರೆ. ಹೆಸರು ಕೇಳಿ ದಾರಿ ಊಹಿಸಲಾಗದು. ದೇಶದ ಸ್ಥಾಪಕ ನಾಯಕ ಕಿಮ್ ಇಲ್ ಸುಂಗ್ ಅವರ ಸಮಾಧಿ ಅರಮನೆಯ ಬಳಿಯ ನಿಲ್ದಾಣವನ್ನು 1990ರ ದಶಕದಲ್ಲಿ ಮುಚ್ಚಲಾಯಿತು. ಬರ್ಲಿನ್‌ನಿಂದ ತಂದ ಹಳೆಯ ಬೋಗಿಗಳು ಇಲ್ಲಿ ಬಹುಕಾಲ ಓಡಿದವು. ಜರ್ಮನ್ ಪಡ್ಡೆಗಳು ಗಾಜಿನ ಮೇಲೆ ಗೀಚಿದ್ದು ಹಾಗೇ ಉಳಿದಿತ್ತು. ವಿದೇಶಿಯರಿಗೆ ಮೊದಲು ಎರಡೇ ನಿಲ್ದಾಣಗಳನ್ನು ತೋರಿಸುತ್ತಿದ್ದರು. ಮೆಟ್ರೊ ಇರುವುದೇ ಅಷ್ಟು, ಪ್ರಯಾಣಿಕರೆಲ್ಲ ವೇಷಧಾರಿಗಳು ಎಂಬ ಕಥೆ ಹುಟ್ಟಿದ್ದು ಇದರಿಂದ. ಕಥೆ ಸುಳ್ಳು, ಆಮೇಲೆ ಉಳಿದ ನಿಲ್ದಾಣಗಳನ್ನೂ ಪ್ರವಾಸಿಗರು ನೋಡಿದ್ದಾರೆ.

ಮೆಟ್ರೊ ನಗರದ ನಡುವೆ ಹರಿಯುವ ತೇದೊಂಗ್ ನದಿಯನ್ನು ದಾಟುವುದಿಲ್ಲ. ಹಾಗಾಗಿ ಪೂರ್ವ ದಡದವರಿಗೆ 1962ರಿಂದಿರುವ ಟ್ರಾಲಿಬಸ್ಸು ಮತ್ತು 1991ರಲ್ಲಿ ಬಂದ ಟ್ರಾಮುಗಳೇ ಮುಖ್ಯ ಆಸರೆ. ಈ ಬಂಡಿಗಳ ಮೈಮೇಲೆ ಸಾಲಾಗಿ ಕೆಂಪು ನಕ್ಷತ್ರಗಳು ಕಾಣುತ್ತವೆ: ಅಪಘಾತವಿಲ್ಲದೆ ಓಡಿದ ಪ್ರತಿ 50,000 ಕಿ.ಮೀ.ಗೆ ಒಂದು. ಕೆಲವು ಬಂಡಿಗಳ ಮೈಮೇಲಿನ ನಕ್ಷತ್ರಗಳನ್ನು ಎಣಿಸಿದರೆ ಅವುಗಳ ವಯಸ್ಸು ತಾನಾಗಿ ತಿಳಿಯುತ್ತದೆ.

ನಾಯಕರ ರೈಲಿನ ಮಾತೇ ಬೇರೆ. ಆಗಿನ ನಾಯಕ ಕಿಮ್ ಜಾಂಗ್ ಇಲ್ 2001ರಲ್ಲಿ ಮಾಸ್ಕೋಗೆ ಹೋಗಿ ಬಂದದ್ದು ರೈಲಿನಲ್ಲೇ. 2011ರ ಡಿಸೆಂಬರ್‌ನಲ್ಲಿ ಅವರು ಸತ್ತದ್ದೂ ರೈಲಿನಲ್ಲಿ ಎಂದು ಸರ್ಕಾರ ಹೇಳಿತು. 2004ರ ಏಪ್ರಿಲ್ 22ರಂದು ಅವರು ಚೀನಾದಿಂದ ಹಿಂದಿರುಗಿದ ಕೆಲವು ತಾಸುಗಳಲ್ಲೇ ಅದೇ ಮಾರ್ಗದ ರ್ಯೊಂಗ್‌ಚೋನ್ ನಿಲ್ದಾಣದಲ್ಲಿ ಅಮೋನಿಯಂ ನೈಟ್ರೇಟ್ ತುಂಬಿದ ಬೋಗಿಗಳು ಸ್ಫೋಟಿಸಿ 150ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಶಾಲಾಮಕ್ಕಳು.

ದಕ್ಷಿಣ ಕೊರಿಯಾದೊಂದಿಗೆ 2007ರಲ್ಲಿ ಆರಂಭವಾದ ಸರಕು ರೈಲು ಮರುವರ್ಷವೇ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣದತ್ತ ಹೋಗುವ ರಸ್ತೆಗಳನ್ನೇ ಸಿಡಿಸಿಹಾಕಿತು. ಉತ್ತರದ ಗಡಿಯ ಕಡೆ ನೋಡಿದರೆ, 2020ರ ಜನವರಿಯಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿದಾಗ ಬೀಜಿಂಗ್‌ನ ಪ್ರಯಾಣಿಕ ರೈಲೂ ನಿಂತಿತು. ಮರುವರ್ಷದ ಫೆಬ್ರವರಿಯಲ್ಲಿ ಊರಿಗೆ ಹೊರಟ ರಷ್ಯಾದ ರಾಜತಾಂತ್ರಿಕರು ಮತ್ತು ಅವರ ಕುಟುಂಬದವರು ಒಂದು ದಿನಕ್ಕೂ ಹೆಚ್ಚು ಹೊತ್ತು ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ ಪ್ರಯಾಣಿಸಿ, ಕೊನೆಗೆ ಮಕ್ಕಳನ್ನೂ ಪೆಟ್ಟಿಗೆಗಳನ್ನೂ ಟ್ರಾಲಿಯ ಮೇಲೆ ಕೂರಿಸಿ ಹಳಿಯ ಮೇಲೆ ಒಂದು ಕಿ.ಮೀ.ಗೂ ಹೆಚ್ಚು ದೂರ ತಾವೇ ತಳ್ಳಿಕೊಂಡು ರಷ್ಯಾ ಗಡಿಯ ತುಮೆನ್ ನದಿ ದಾಟಿದರು. ಅದೇ ಗಡಿಯ ಮೂಲಕ ಪ್ಯೊಂಗ್ಯಾಂಗ್–ಮಾಸ್ಕೋ ನೇರ ರೈಲು 2025ರ ಜೂನ್‌ನಲ್ಲಿ ಮತ್ತೆ ಶುರುವಾಗಿದೆ. ದೂರ 10,000 ಕಿ.ಮೀ.ಗೂ ಹೆಚ್ಚು, ಪ್ರಯಾಣ ಎಂಟು ದಿನ.