ಕಮರಾನಿನಿಂದ ಕುವೈತಿನವರೆಗೆ: ಪರದೇಶದಲ್ಲಿ ಮುದುಕರ ಲೆಕ್ಕ

ನಮ್ಮ ಭೀಮಸಮುದ್ರದಲ್ಲಿ ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಮಂಡಿಯಲ್ಲಿ ಕೂತವರು ಮಾತಾಡುವುದು ಮಕ್ಕಳ ಬಗ್ಗೆ. ಯಾರ ಮಗ ಎಲ್ಲಿದ್ದಾನೆ, ಯಾರ ಮಗಳಿಗೆ ಯಾವ ದೇಶದಲ್ಲಿ ಹೆರಿಗೆ ಎನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಚಿತ್ರದುರ್ಗ ತಾಲ್ಲೂಕಿನ ಈ ಸಣ್ಣ ಊರಿನಿಂದಲೂ ವಯಸ್ಸಾದವರು ಸಮುದ್ರ ದಾಟುತ್ತಾರೆ. ಹಜ್‌ಗೆ ಹೋಗುವವರು ಒಂದು ಬಗೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಕೆನಡಾಕ್ಕೋ ಹೋಗಿ ಆರು ತಿಂಗಳು ಇದ್ದು ಬರುವವರು ಇನ್ನೊಂದು ಬಗೆ. ಮೂರನೆಯವರು ಮುದುಕರಾಗಿ ಹೋದವರಲ್ಲ. ಹರೆಯದಲ್ಲಿ ಹೋಗಿ ಅಲ್ಲೇ ಮುದುಕರಾದವರು. ಭಟ್ಕಳ, ಮಂಗಳೂರಿನ ಕಡೆಯಷ್ಟು ಅಲ್ಲದಿದ್ದರೂ ನಮ್ಮ ಬಯಲುಸೀಮೆಯಿಂದಲೂ ಡ್ರೈವರ್, ಟೈಲರ್, ಎ.ಸಿ. ಮೆಕ್ಯಾನಿಕ್ ಆಗಿ ಕೊಲ್ಲಿ ದೇಶಗಳಿಗೆ ಹೋದವರಿದ್ದಾರೆ.

ಈ ಮೂವರನ್ನೂ ಪರದೇಶದ ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ. ನೀನು ಇಲ್ಲಿ ಕಾಯಿಲೆ ಬಿದ್ದರೆ ಖರ್ಚು ಯಾರದು? ಈಗ ಇದನ್ನು ಇನ್ಸೂರೆನ್ಸ್ ಎನ್ನುತ್ತೇವೆ, ವೀಸಾ ನಿಯಮ ಎನ್ನುತ್ತೇವೆ. ಪ್ರಶ್ನೆ ಮಾತ್ರ ಹಳೆಯದು. ಅದಕ್ಕೆ ನೂರೈವತ್ತು ವರ್ಷಗಳ ಚರಿತ್ರೆಯಿದೆ.

ನನ್ನ ನಾನಾ 1960ರ ದಶಕದಲ್ಲಿ ಹಡಗಿನಲ್ಲಿ ಹಜ್‌ಗೆ ಹೋಗಿ ಬಂದವರು. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ, ಪುಣೆ ಮೇಲೆ ಬೊಂಬಾಯಿ ಸೇರಿ, ಅಲ್ಲಿನ ಮುಸಾಫಿರ್‌ಖಾನಾದಲ್ಲಿ ದಿನಗಟ್ಟಲೆ ಕಾದು ಹೊರಟವರು. ಹೋಗುವ ಮುನ್ನ ಸಾಲ ತೀರಿಸಿದರು, ವಸಿಯ್ಯತ್ ಬರೆಸಿದರು, ಜಗಳವಾಡಿದ್ದ ದಾಯಾದಿಗಳ ಮನೆಗೂ ಹೋಗಿ ಮಾಫಿ ಕೇಳಿದರು. ಟ್ರಂಕಿನಲ್ಲಿ ಎಲ್ಲಕ್ಕಿಂತ ಕೆಳಗೆ ಕಫನ್ ಬಟ್ಟೆ ಇಟ್ಟುಕೊಂಡರು. ಅದರ ಮೇಲೆ ಸಿಡುಬು ಮತ್ತು ಕಾಲರಾದ ಲಸಿಕೆ ಹಾಕಿಸಿದ ಸರ್ಟಿಫಿಕೇಟು. ನಾನಿ ಈ ಕತೆ ಹೇಳುವಾಗ ಆ ಎರಡನ್ನೂ ಒಟ್ಟಿಗೇ ಹೇಳುತ್ತಿದ್ದರು, ಅವೆರಡೂ ಒಂದೇ ಸಾಮಾನು ಎನ್ನುವ ಹಾಗೆ. ಕಫನ್ ಅಲ್ಲಾಹನಿಗೆ ತೋರಿಸಲು, ಸರ್ಟಿಫಿಕೇಟು ಡಾಕ್ಟರಿಗೆ ತೋರಿಸಲು ಎಂಬುದು ಅವರ ವಿವರಣೆ.

ಆ ಸರ್ಟಿಫಿಕೇಟಿನ ಹಿಂದಿನ ಕತೆ 1865ರ ಹಜ್‌ನಿಂದ ಶುರುವಾಗುತ್ತದೆ. ಆ ವರ್ಷ ಮಕ್ಕಾದಲ್ಲಿ ಕಾಲರಾ ಹರಡಿ ಸುಮಾರು 15 ಸಾವಿರ ಹಾಜಿಗಳು ಸತ್ತರೆಂದು ಅಂದಾಜು. ಉಳಿದವರು ಊರಿಗೆ ಮರಳುವ ದಾರಿಯಲ್ಲಿ ರೋಗ ಈಜಿಪ್ಟಿಗೆ, ಅಲ್ಲಿಂದ ಯೂರೋಪಿನ ಬಂದರುಗಳಿಗೆ ಹೋಯಿತು. ಯೂರೋಪು ನಡುಗಿತು. 1866ರಲ್ಲಿ ಇಸ್ತಾಂಬುಲಿನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. ಕಾಲರಾ ಹಿಂದೂಸ್ತಾನದಿಂದ ಬರುತ್ತದೆ, ಅದನ್ನು ಹೊತ್ತು ತರುವವರು ಬಡ ಯಾತ್ರಿಕರು ಎಂಬ ಅಭಿಪ್ರಾಯ ಅಲ್ಲಿಂದ ಗಟ್ಟಿಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳು ಹೆಚ್ಚಾದವು, ಹೆದರಿಕೆಯೂ ಹೆಚ್ಚಾಯಿತು.

1882ರ ಹೊತ್ತಿಗೆ ತುರ್ಕಿ ಸರ್ಕಾರ ಕೆಂಪು ಸಮುದ್ರದಲ್ಲಿ, ಯಮನ್ ಕರಾವಳಿಯ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಠಾಣೆ ತೆರೆಯಿತು. ದಕ್ಷಿಣದಿಂದ ಬರುವ ಹಾಜಿಗಳ ಹಡಗುಗಳೆಲ್ಲ ಅಲ್ಲಿ ನಿಲ್ಲಬೇಕು. ಯಾತ್ರಿಕರು ಇಳಿಯಬೇಕು, ಬಟ್ಟೆಬರೆ ಹಬೆಯಲ್ಲಿ ಬೇಯಬೇಕು, ದಿನಗಟ್ಟಲೆ ಬಿಸಿಲಲ್ಲಿ ಕಾಯಬೇಕು. ಇದಕ್ಕೆ ಫೀಸನ್ನೂ ಯಾತ್ರಿಕನೇ ಕೊಡಬೇಕು. ಉರ್ದುವಿನಲ್ಲಿ 'ಕರಂತೀನಾ' ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಯ್ಗುಳದಂತೆ ಉಳಿದುಕೊಂಡದ್ದು ಸುಮ್ಮನೆ ಅಲ್ಲ. ಮೊದಲನೆ ಮಹಾಯುದ್ಧದಲ್ಲಿ, 1915ರಲ್ಲಿ, ದ್ವೀಪ ಬ್ರಿಟಿಷರ ಕೈಗೆ ಹೋಯಿತು. ಠಾಣೆ ಅದಾದ ಮೇಲೂ ಹಲವು ದಶಕ ನಡೆಯಿತು.

ಬೊಂಬಾಯಿಗೆ 1896ರಲ್ಲಿ ಪ್ಲೇಗ್ ಬಂದಾಗ ಮುಂದಿನ ವರ್ಷ ಸರ್ಕಾರ ಹಜ್ ಯಾತ್ರೆಯನ್ನೇ ನಿಲ್ಲಿಸಿತು. 1897ರಲ್ಲಿ ವೆನಿಸ್ ನಗರದಲ್ಲಿ ಪ್ಲೇಗಿನ ಬಗ್ಗೆಯೇ ಇನ್ನೊಂದು ಸಮ್ಮೇಳನ ನಡೆಯಿತು. ಅದೇ ಪ್ಲೇಗು 1898ರಲ್ಲಿ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನದ ಹಳ್ಳಿಗರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆಗಳನ್ನು ನಮ್ಮಲ್ಲಿ ಎಲ್ಲ ಜಾತಿಯ ಮನೆಗಳಲ್ಲೂ ಕೇಳಬಹುದು.

ರೋಗದ ಹೆದರಿಕೆಯ ಜೊತೆಗೇ ದುಡ್ಡಿನ ಹೆದರಿಕೆಯೂ ಇತ್ತು. ನನಗೆ ಹೆಚ್ಚು ಕುತೂಹಲ ಇರುವುದು ಈ ಎರಡನೆಯದರಲ್ಲಿ. ಹೋಗಲು ಹಣ ಕೂಡಿಸಿಕೊಂಡು, ಬರಲು ಹಣವಿಲ್ಲದೆ ಜಿದ್ದಾ ಬೀದಿಗಳಲ್ಲಿ ಉಳಿದುಬಿಡುವ ಹಿಂದೂಸ್ತಾನಿಗಳು ಪ್ರತಿವರ್ಷ ಇದ್ದರು. ಅವರಲ್ಲಿ ವಯಸ್ಸಾದವರೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಸಾಯುವುದಾದರೆ ಅಲ್ಲೇ ಸಾಯಲಿ ಎಂದು ಹೊರಟವರೂ ಇರುತ್ತಿದ್ದರು, ಆ ಮಣ್ಣಿಗಿಂತ ಒಳ್ಳೆಯ ಮಣ್ಣು ಯಾವುದು? ಆದರೆ ಬ್ರಿಟಿಷ್ ಕಾನ್ಸಲ್‌ಗೆ ಅವರು ಖರ್ಚಿನ ಬಾಬತ್ತು. ಅವರನ್ನು ವಾಪಸು ಕಳಿಸುವ ಹಣ ಯಾರು ಕೊಡಬೇಕೆಂದು ಕಾಗದಗಳು ಓಡಾಡಿದವು. ವ್ಯವಸ್ಥೆ ಸುಧಾರಿಸಲೆಂದು 1886ರಲ್ಲಿ ಥಾಮಸ್ ಕುಕ್ ಕಂಪನಿಗೆ ಹಜ್ ಯಾತ್ರೆಯ ಏಜೆನ್ಸಿ ಕೊಟ್ಟರು. 1893ರಲ್ಲಿ ಅದು ಮುಗಿಯಿತು. ಕೊನೆಗೆ 1925ರಲ್ಲಿ ಹಡಗು ಕಾನೂನಿಗೆ ತಿದ್ದುಪಡಿ ತಂದು, ವಾಪಸ್ ಟಿಕೆಟ್ ಇಲ್ಲದವನು ಅಥವಾ ಅದರ ಹಣ ಠೇವಣಿ ಇಡದವನು ಹಡಗು ಹತ್ತುವ ಹಾಗಿಲ್ಲ ಎಂದು ಮಾಡಿದರು. ಇದು ಯಾತ್ರೆಗೆ ಅಡ್ಡಿ ಎಂದವರಿದ್ದರು, ಬಡವರ ಒಳ್ಳೆಯದಕ್ಕೇ ಎಂದವರೂ ಇದ್ದರು. 1932ರ ಕಾಯಿದೆಯಿಂದ ಬೊಂಬಾಯಿ, ಕಲ್ಕತ್ತಾ, ಕರಾಚಿ ಬಂದರುಗಳಲ್ಲಿ ಹಜ್ ಕಮಿಟಿಗಳು ಬಂದವು.

ಸರ್ಕಾರಗಳಿಗಿಂತ ಮೊದಲು ಈ ಹೊಣೆಯನ್ನು ವಕ್ಫ್ ಹೊತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೈದರಾಬಾದ್, ಭೋಪಾಲ್, ಆರ್ಕಾಟ್ ಮನೆತನಗಳು ಮಕ್ಕಾ ಮದೀನಾಗಳಲ್ಲಿ ಕಟ್ಟಿಸಿದ ರುಬಾತ್‌ಗಳಲ್ಲಿ ತಮ್ಮ ಸೀಮೆಯ ಯಾತ್ರಿಕರು ಬಿಟ್ಟಿಯಾಗಿ ತಂಗಬಹುದಿತ್ತು. ಬೊಂಬಾಯಿಯಲ್ಲಿ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾ ಇತ್ತು. ಪುಣ್ಯಕ್ಕೆಂದು ಕೊಟ್ಟ ಹಣ ಅಪರಿಚಿತ ಮುದುಕನೊಬ್ಬನ ಹಾಸಿಗೆಯಾಗುತ್ತಿತ್ತು. ಇದನ್ನು ಸುವರ್ಣಯುಗ ಎಂದು ನಾನು ಹೇಳುತ್ತಿಲ್ಲ. ರುಬಾತಿನಲ್ಲಿ ಜಾಗ ಸಿಗದವರು ಬೀದಿಯಲ್ಲೇ ಮಲಗಿದರು.

ಇದೇ 1882ರಲ್ಲಿ, ಕಮರಾನಿನಿಂದ ಬಹುದೂರದ ಅಮೆರಿಕದಲ್ಲಿ ಒಂದು ವಲಸೆ ಕಾನೂನು ಬಂತು. ತನ್ನನ್ನು ತಾನು ನೋಡಿಕೊಳ್ಳಲಾರದೆ ಸಾರ್ವಜನಿಕರ ಮೇಲೆ ಹೊರೆಯಾಗುವವನನ್ನು ಹಡಗಿನಿಂದ ಇಳಿಸಬಾರದು ಎಂಬ ವಿಧಿ ಅದರಲ್ಲಿತ್ತು. ಜಿದ್ದಾದ ಕಾನ್ಸಲ್ ಮತ್ತು ನ್ಯೂಯಾರ್ಕಿನ ಅಧಿಕಾರಿ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಇಬ್ಬರ ಲೆಕ್ಕದ ಪುಸ್ತಕ ಒಂದೇ. ಆ 'ಹೊರೆ' ಎಂಬ ಮಾತು ಅಮೆರಿಕದ ವಲಸೆ ಕಾನೂನಿನಲ್ಲಿ ಈಗಲೂ ಇದೆ.

ಕೊಲ್ಲಿಯ ಕತೆ ಬೇರೆ ದಾರಿಯಲ್ಲಿ ಬಂದು ಇದೇ ಜಾಗಕ್ಕೆ ಸೇರುತ್ತದೆ. 1959ರಲ್ಲಿ ರಿಸರ್ವ್ ಬ್ಯಾಂಕು ಹಾಜಿಗಳಿಗೆಂದು ಬೇರೆ ನೋಟು, ಕೊಲ್ಲಿ ದೇಶಗಳಿಗೆಂದು ಬೇರೆ ನೋಟು ಅಚ್ಚು ಹಾಕಿಸಿತ್ತು. ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದವರೂ ಕೈಬಿಡತೊಡಗಿದರು. ಎಣ್ಣೆಯ ಬೆಲೆ 1973ರಲ್ಲಿ ಏರಿದ್ದೇ ತಡ, ರೂಪಾಯಿ ಹೋಗಿದ್ದ ದಾರಿಯಲ್ಲಿ ಈಗ ಮನುಷ್ಯರು ಹೋದರು. ಹೋದವರಿಗೆಲ್ಲ ಇಪ್ಪತ್ತು, ಇಪ್ಪತ್ತೈದರ ವಯಸ್ಸು. ಹೊರಡುವ ಮುನ್ನ ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ. ಗಟ್ಟಿಯಾಗಿದ್ದವರನ್ನೇ ಆರಿಸಿ ಒಯ್ದ ದೇಶಗಳಿಗೆ ಆಸ್ಪತ್ರೆಯ ಖರ್ಚಿನ ಚಿಂತೆ ಏನಿರುತ್ತದೆ?

ಚಿಂತೆ ಬಂದದ್ದು ಅವರು ಐವತ್ತು ಮುಟ್ಟುವ ಹೊತ್ತಿಗೆ. 1999ರಲ್ಲಿ ಕುವೈತ್ ಹೊರದೇಶದವರಿಗೆ ಆರೋಗ್ಯ ವಿಮೆ ಕಡ್ಡಾಯ ಮಾಡುವ ಕಾನೂನು ತಂದಿತು. ಅದೇ ವರ್ಷ ಸೌದಿ ಅರೇಬಿಯವೂ ಕಾನೂನು ಮಾಡಿ, ಕೆಲವು ವರ್ಷಗಳ ನಂತರ ಹಂತಹಂತವಾಗಿ ಜಾರಿಗೆ ತಂದಿತು. ಅಬುಧಾಬಿ 2006ರಲ್ಲಿ, ದುಬೈ 2014ರಿಂದ ಇದೇ ದಾರಿ ಹಿಡಿದವು. ಸೌದಿ ಕಾನೂನಿನ ಹೆಸರಿನಲ್ಲಿ 'ಸಹಕಾರಿ' ಎಂಬ ಮಾತಿದೆ. ಅದಕ್ಕೆ ಕಾರಣವುಂಟು. ಇನ್ಸೂರೆನ್ಸ್ ಹಲಾಲೋ ಹರಾಮೋ ಎಂಬ ಚರ್ಚೆ ನಮ್ಮ ಮಸೀದಿ ಕಟ್ಟೆಗಳಲ್ಲಿ ಇನ್ನೂ ಮುಗಿದಿಲ್ಲ. ಜಿದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲೇ ಲಾಭಕ್ಕಾಗಿ ನಡೆಸುವ ವಾಣಿಜ್ಯ ವಿಮೆ ಸಲ್ಲದು, ಒಬ್ಬರಿಗೊಬ್ಬರು ನೆರವಾಗುವ ಸಹಕಾರಿ ವಿಮೆ ಸಲ್ಲುತ್ತದೆ ಎಂದಿತ್ತು. ಪರಸ್ಪರ ನೆರವು ಎಂಬ ತತ್ವವೇನೋ ಸುಂದರ. ಆದರೆ ಮುದುಕನ ಕಂತು ಜಾಸ್ತಿ, ಹರೆಯದವನದು ಕಡಿಮೆ ಎನ್ನುವಲ್ಲಿ ಆ ತತ್ವ ಸ್ವಲ್ಪ ಕುಂಟುತ್ತದೆ ಎಂದು ನನಗನಿಸುತ್ತದೆ.

ಎಲ್ಲಕ್ಕಿಂತ ಕಟುವಾದದ್ದು ಕುವೈತಿನ ಅರವತ್ತರ ನಿಯಮ. 2020ರ ಆಗಸ್ಟ್‌ನಲ್ಲಿ, ಕೊರೋನಾದ ನಡುವೆ, ಅಲ್ಲಿನ ಕಾರ್ಮಿಕ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಅರವತ್ತು ತುಂಬಿದ, ಪದವಿ ಇಲ್ಲದ ಹೊರದೇಶದವರ ಕೆಲಸದ ಪರವಾನಗಿಯನ್ನು 2021ರ ಜನವರಿಯಿಂದ ನವೀಕರಿಸುವುದಿಲ್ಲ ಎಂದು. ಪದವಿ ಇದ್ದವನಿಗೆ ಮುಪ್ಪು ಬರುವುದಿಲ್ಲವೇ? ಬರುತ್ತದೆ. ಆದರೆ ಅವನು ದುಬಾರಿ ಮನುಷ್ಯ. ಈ ಆದೇಶ ಬಡಿದದ್ದು ಟೈಲರ್‌ಗಳನ್ನು, ಅಡುಗೆಯವರನ್ನು, ಮೂವತ್ತು ನಲವತ್ತು ವರ್ಷ ಅಂಗಡಿ ಕಾಯ್ದವರನ್ನು. ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಕೆಲಸದಲ್ಲಿರುವ ಎಷ್ಟೋ ಜನರಿಗೆ ಊರಿನಲ್ಲಿ ಮನೆಯ ಬೀಗದ ಕೈ ಎಲ್ಲಿದೆ ಎಂಬುದೂ ನೆನಪಿರಲಿಲ್ಲ.

ಕುವೈತಿನಲ್ಲೇ ಇದಕ್ಕೆ ವಿರೋಧ ಬಂತು. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರದ ಕಾನೂನು ಇಲಾಖೆಯೇ ಆದೇಶ ಸಿಂಧುವಲ್ಲ ಎಂದಿತು. ಹಾಗೆಂದು ಹಳೆಯ ಸ್ಥಿತಿ ಮರಳಲಿಲ್ಲ. 2022ರ ಜನವರಿಯಲ್ಲಿ ಹೊಸ ನಿಯಮ ಬಂತು: ವರ್ಷಕ್ಕೆ 250 ದಿನಾರ್ ಶುಲ್ಕ, ಅದರ ಮೇಲೆ ಖಾಸಗಿ ಆರೋಗ್ಯ ವಿಮೆ, ಅದಕ್ಕೆ ಹೆಚ್ಚುಕಡಿಮೆ 500 ದಿನಾರ್. ಎರಡೂ ಸೇರಿ ಆಗಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಗಿಂತ ಹೆಚ್ಚಾಯಿತು. ಖಾಸಗಿ ವಲಯದ ಕನಿಷ್ಠ ಸಂಬಳ ಅಲ್ಲಿ 2017ರಿಂದ ತಿಂಗಳಿಗೆ 75 ದಿನಾರ್ ಇತ್ತು. ಅಂದರೆ ಇರಲು ಅನುಮತಿ ಬೇಕಾದರೆ ಹತ್ತು ತಿಂಗಳ ಕನಿಷ್ಠ ಸಂಬಳ. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. 2017ರಿಂದ ಸೌದಿಯಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿ ಎಂದು ತಲೆಗೆ ತಿಂಗಳಿಗೆ 100 ರಿಯಾಲ್ ಹಾಕಿ, 2020ರಲ್ಲಿ ಅದನ್ನು 400ಕ್ಕೆ ಏರಿಸಿದ್ದೂ ಹೀಗೆಯೇ. ಜನ ತಾವಾಗಿಯೇ ಗಂಟು ಕಟ್ಟಿದರು.

ಅದೇ 2020ರಲ್ಲಿ ದುಬೈ 55 ದಾಟಿದವರಿಗೆ ನಿವೃತ್ತಿ ವೀಸಾ ಘೋಷಿಸಿತು. ತಿಂಗಳಿಗೆ 20 ಸಾವಿರ ದಿರ್ಹಮ್ ವರಮಾನವೋ, 10 ಲಕ್ಷ ದಿರ್ಹಮ್ ಉಳಿತಾಯವೋ ಇದ್ದರೆ ಮುದುಕರಿಗೂ ಸ್ವಾಗತ.

ಇನ್ನು ನಮ್ಮ ಸರ್ಕಾರ ಏನು ಮಾಡಿತು? 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆ ತಂದಿತು. ಕೊಲ್ಲಿಗೆ ಕೂಲಿಗೆ ಹೋಗುವ, ಇ.ಸಿ.ಆರ್. ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ. 2017ರ ಪರಿಷ್ಕರಣೆಯಲ್ಲಿ 10 ಲಕ್ಷ ರೂಪಾಯಿ ಅಪಘಾತ ವಿಮೆಗೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು ಇಟ್ಟರು. ಒಳ್ಳೆಯ ಯೋಜನೆಯೇ. ಆದರೆ ನಿಯಮಗಳನ್ನು ನಿಧಾನವಾಗಿ ಓದಿದರೆ ಒಂದು ತಮಾಷೆ ಕಾಣುತ್ತದೆ. ಐವತ್ತು ವರ್ಷ ದಾಟಿದವರಿಗೆ ಇ.ಸಿ.ಆರ್. ತಪಾಸಣೆಯೇ ಬೇಕಿಲ್ಲ. ಐವತ್ತಾದವನು ತನ್ನನ್ನು ತಾನು ನೋಡಿಕೊಳ್ಳಬಲ್ಲ ಎಂಬ ನಂಬಿಕೆ. ಹೀಗಾಗಿ ಕಡ್ಡಾಯ ವಿಮೆಯ ಬಲೆಯಿಂದಲೂ ಅವನು ಹೊರಗೆ. ವಿಮೆ ನಿಜಕ್ಕೂ ಬೇಕಾಗುವ ವಯಸ್ಸಿಗೆ ಕಾನೂನು ಅವನ ಕೈಬಿಡುತ್ತದೆ. 2012ರಲ್ಲಿ ಇವರಿಗೆಂದೇ ಪಿಂಚಣಿಯ ಯೋಜನೆಯೊಂದು ಮಹಾತ್ಮಾ ಗಾಂಧಿ ಹೆಸರಿನಲ್ಲಿ ಬಂತು. ಸೇರಿದವರು ಕಡಿಮೆ ಎಂದು 2017ರಲ್ಲಿ ಮುಚ್ಚಿದರು. ಕೇರಳದ ಪ್ರವಾಸಿ ಕಲ್ಯಾಣ ನಿಧಿ ಮಾತ್ರ ಮರಳಿ ಬಂದವರಿಗೆ ಪಿಂಚಣಿ ಕೊಡುತ್ತಿದೆ.

ಬಾಣಂತನಕ್ಕೆ ಹೋಗುವ ತಾಯಂದಿರ ಕತೆ ಇಷ್ಟು ಕಠಿಣವಲ್ಲ, ಆದರೆ ಬೇರೆಯೂ ಅಲ್ಲ. ಯೂರೋಪಿನ ಷೆಂಗೆನ್ ದೇಶಗಳು 2004ರಿಂದ 30 ಸಾವಿರ ಯೂರೋ ವಿಮೆ ಇಲ್ಲದೆ ಪ್ರವಾಸಿ ವೀಸಾ ಕೊಡುವುದಿಲ್ಲ. ಕೆನಡಾ 2011ರಲ್ಲಿ ಅಪ್ಪ ಅಮ್ಮಂದಿರಿಗೆಂದೇ 'ಸೂಪರ್ ವೀಸಾ' ತಂದಿತು. ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆ ಮತ್ತು ವೈದ್ಯಕೀಯ ಪರೀಕ್ಷೆ ಅದರ ಷರತ್ತು. ಬ್ರಿಟನ್ 2012ರಲ್ಲಿ ಮುದಿ ತಂದೆತಾಯಿಯನ್ನು ಕರೆಸಿಕೊಂಡು ನೆಲೆಸುವ ದಾರಿಯನ್ನು ಎಷ್ಟು ಇಕ್ಕಟ್ಟು ಮಾಡಿತೆಂದರೆ, ಊರಿನಲ್ಲಿ ದುಡ್ಡು ಕೊಟ್ಟರೂ ನೋಡಿಕೊಳ್ಳುವವರು ಸಿಗುವುದಿಲ್ಲ ಎಂದು ಮಕ್ಕಳು ಸಾಬೀತು ಮಾಡಬೇಕು. ಅಮೆರಿಕ ಭೇಟಿಗೆ ಬರುವವರ ವಿಮೆ ಕೇಳುವುದಿಲ್ಲ. ಆದರೆ ಅಲ್ಲಿ ವಿಮೆಯಿಲ್ಲದೆ ಆಸ್ಪತ್ರೆಗೆ ಬಿದ್ದವರು ಮನೆ ಮಾರಬೇಕಾದೀತು. ಹಾಗೆಂದು ಇಲ್ಲಿಂದ ವಿಮೆ ಮಾಡಿಸಿಕೊಂಡು ಹೋದರೂ, ಸಣ್ಣ ಅಕ್ಷರದಲ್ಲಿ 'ಮೊದಲೇ ಇದ್ದ ಕಾಯಿಲೆ'ಗೆ ಹಣವಿಲ್ಲ ಎಂದಿರುವುದೇ ಹೆಚ್ಚು. ಸಕ್ಕರೆ, ಬಿ.ಪಿ. ಇಲ್ಲದ ಅರವತ್ತೈದರ ಅಜ್ಜಿಯನ್ನು ಭೀಮಸಮುದ್ರದಲ್ಲಿ ಹುಡುಕಬೇಕು.

ಕೊನೆಗೆ ಮತ್ತೆ ಹಜ್‌ಗೆ ಬರುತ್ತೇನೆ. ಹಜ್ ಕಡ್ಡಾಯವಾಗಿರುವುದು ದೇಹದಲ್ಲೂ ಕೈಯಲ್ಲೂ ಶಕ್ತಿ ಇರುವವರಿಗೆ ಮಾತ್ರ. ಮುಪ್ಪಿನಿಂದ ಆಗದವರ ಪರವಾಗಿ ಇನ್ನೊಬ್ಬರು ಮಾಡುವ 'ಹಜ್ಜೆ ಬದಲ್'ಗೆ ಅವಕಾಶವಿದೆ. ಆದರೂ ನಮ್ಮ ಜನ ಮಕ್ಕಳ ಮದುವೆ, ಮನೆ, ತೋಟದ ಸಾಲ ಎಲ್ಲ ಮುಗಿಸಿ ಹೊರಡುವ ಹೊತ್ತಿಗೆ ಅರವತ್ತು ದಾಟಿರುತ್ತದೆ. ಕೊರೋನಾದ ನಂತರ 2022ರಲ್ಲಿ ಸೌದಿ ಸರ್ಕಾರ 65 ದಾಟಿದವರು ಬರುವ ಹಾಗಿಲ್ಲ ಎಂದಿತು. ಅರ್ಜಿ ಹಾಕಿ ಕಾಯುತ್ತಿದ್ದ ಎಷ್ಟೋ ಹಿರಿಯರ ಹೆಸರು ಬಿದ್ದುಹೋಯಿತು. ಮರುವರ್ಷ ಆ ಮಿತಿ ತೆಗೆದರು. 2024ರ ಹಜ್‌ನಲ್ಲಿ ಭಾರೀ ಸೆಖೆಗೆ ಸಿಕ್ಕಿ 1,301 ಜನ ಸತ್ತರೆಂದು ಸೌದಿ ಸರ್ಕಾರ ಹೇಳಿತು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿ ಇಲ್ಲದೆ ಬಂದವರು, ನೆರಳಿಲ್ಲದೆ ದೂರ ನಡೆದವರು. ಅಂದರೆ ಯಾವ ಲೆಕ್ಕದ ಪುಸ್ತಕದಲ್ಲೂ ಹೆಸರಿಲ್ಲದವರು.

2025ರ ಹಜ್‌ಗೆ ಭಾರತದ ಹಜ್ ಕಮಿಟಿ 65 ದಾಟಿದವರಿಗೆ ಆದ್ಯತೆ ಕೊಟ್ಟಿತು. ಜೊತೆಗೆ ನೋಡಿಕೊಳ್ಳಲು ಹರೆಯದ ಸಂಗಾತಿ ಒಬ್ಬರು ಇರಬೇಕೆಂಬ ಷರತ್ತೂ ಇತ್ತು. ನಾನಾ ಹೋದಾಗ ಅಂಥವರು ಯಾರೂ ಇರಲಿಲ್ಲ. ಹಡಗಿನಲ್ಲಿ ಅವರಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕುಡಿಸಿದವರು ಮಲಬಾರಿನ ಒಬ್ಬ ಮಾಪಿಳ್ಳೆ, ಭಾಷೆ ಬಾರದವರು. ಅವರ ಹೆಸರನ್ನು ನಾನಾ ಕೇಳಿಕೊಂಡಿರಲಿಲ್ಲ. ಕಫನ್ ಬಟ್ಟೆಯನ್ನು ಝಮ್‌ಝಮ್ ನೀರಿನಲ್ಲಿ ಅದ್ದಿ, ಒಣಗಿಸಿ, ವಾಪಸು ತಂದರು. ಅದಾದ ಮೇಲೆ ಹತ್ತೊಂಬತ್ತು ವರ್ಷ ಅದು ಟ್ರಂಕಿನಲ್ಲೇ ಇತ್ತು.